ಎಣಿಸಬಾರದ ಮಂದೆ

ಬ್ಯಾಂಕಿನವರ ರೀತಿಯೇ ಒಂದು ತಮಾಷೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಸಾಲ ಕೊಡುವುದಿಲ್ಲ. ದುಡ್ಡು ತಂದು ಎದುರಿಗಿಟ್ಟವರನ್ನು, ಇದೆಲ್ಲಿಂದ ತಂದೆ ಎಂದು ಕಳ್ಳರನ್ನು ಕೇಳಿದ ಹಾಗೆ ಕೇಳುತ್ತಾರೆ. ಹಿರಿಯೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಮುದ್ದಕ್ಕ ಆ ಬೆಳಿಗ್ಗೆ ಇಂಥದೊಂದು ವಿಚಾರಣೆಗೆ ಸಿಕ್ಕಿಬಿದ್ದಿದ್ದಳು. ಮ್ಯಾನೇಜರ್ ಮಹಾದೇವಮ್ಮನವರ ಮೇಜಿನೆದುರು ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಮನೆ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿ, ನಿಮ್ಮ ಪಾಲು ಅಂತ ಖಾತೆಗೆ ಮೂರೂಕಾಲು ಲಕ್ಷ ನಗದು ಕಟ್ಟಿದ್ದೀರಿ. ಕುರಿ ಮಾರಿದ ದುಡ್ಡು ಅಂತ ಬರೆದುಕೊಟ್ಟಿದ್ದೀರಿ," ಎಂದರು ಮಹಾದೇವಮ್ಮ. "ನಮ್ಮ ಹುಡುಗ ನಿಮ್ಮ ತವರಿಗೆ ಹೋಗಿ ನೋಡಿಕೊಂಡು ಬಂದಿದ್ದಾನೆ. ನಿಮ್ಮಣ್ಣನ ಹತ್ತಿರ ಇರುವುದೇ ನಾಲ್ಕು ಮರಿಯಂತೆ."

ಮುದ್ದಕ್ಕ ಸೆರಗಿನ ಅಂಚನ್ನು ಬಿಟ್ಟಳು. "ನಾಲ್ಕು ಮರಿ ಅಂತ ಯಾರಂದ್ರು ಮೇಡಂ?"

"ನಿಮ್ಮಣ್ಣನೇ ಬಾಯಿಬಿಟ್ಟು ಹೇಳಿದ್ದಾನೆ. ಕುರಿ ಕೂಡುವ ರೊಪ್ಪದಲ್ಲೂ ನಾಲ್ಕೇ ಇದ್ದವಂತೆ. ಈಗ ನೀವೇ ಹೇಳಿ, ನಾಲ್ಕು ಮರಿ ಸಾಕುವವನ ಮಂದೆಯಿಂದ ಮೂರೂಕಾಲು ಲಕ್ಷ ಹೇಗೆ ಹುಟ್ಟಿತು?"

ಮುದ್ದಕ್ಕನಿಗೆ ಆಗಿದ್ದೇನು ಎಂಬುದು ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದನ್ನು ಈ ಹೆಣ್ಣುಮಗಳಿಗೆ ಹೇಗೆ ತಿಳಿಸಿ ಹೇಳುವುದೋ ಅದು ಮಾತ್ರ ತೋಚಲಿಲ್ಲ.

ಕುರಿ ಸಾಕುವವರನ್ನು ಎಷ್ಟು ಕುರಿ ಇವೆ ಎಂದು ಕೇಳಬಾರದು. ತುಂಬಿದ ಬಸುರಿಯನ್ನು ನಿಲ್ಲಿಸಿಕೊಂಡು ಹೊಟ್ಟೆ ಎಷ್ಟು ದಪ್ಪಗಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಇದೂ ಹಾಗೆ, ಎಣಿಸಿದರೆ ಮಂದೆಗೆ ಕಣ್ಣು ಬೀಳುತ್ತದೆ. ಯಲ್ಲದಕೆರೆ ಸೀಮೆಯ ಅವಳ ತವರು ಹಟ್ಟಿಯಲ್ಲಿ ಮಂದೆಯನ್ನು ಎಣಿಸುವ ಪದ್ಧತಿಯೇ ಇಲ್ಲ. ಸಂಜೆ ರೊಪ್ಪಕ್ಕೆ ಸೇರಿಸುವಾಗ ಮುಖ ನೋಡಿ ಸೇರಿಸುತ್ತಾರೆ, ಬಾರದ ಮುಖ ಯಾವುದೆಂದು ಹೊಳೆಯುತ್ತದೆ, ಹುಡುಕಲು ಹೋಗುತ್ತಾರೆ. ಮಾರುವಾಗಲೂ ಮಾರಿದವನು ಎಣಿಸುವುದಿಲ್ಲ. ಕೊಂಡವನು ತನ್ನ ಗಾಡಿಗೆ ಹತ್ತಿಸಿಕೊಳ್ಳುವಾಗ ಎಣಿಸಿಕೊಂಡರೆ ಎಣಿಸಿಕೊಳ್ಳಲಿ. ಹಾದಿಯಲ್ಲಿ ಹೋಗುವವನು ಏನಪ್ಪ, ಕುರಿ ಎಷ್ಟವೆ ಎಂದರೆ, ನಾಕು ಮರಿ ಅವೆ ಸ್ವಾಮಿ ಎಂದುಬಿಡುತ್ತಾರೆ. ಗುಡ್ಡ ತುಂಬಾ ಮಂದೆ ಹರಡಿರುವಾಗಲೂ ಅಷ್ಟೇ ಉತ್ತರ. ಕೇಳಿದವನು ನಕ್ಕು ಮುಂದೆ ಹೋಗುತ್ತಾನೆ. ಮೋಟರ್ ಸೈಕಲ್ಲಿನಲ್ಲಿ ಬಂದ ಬ್ಯಾಂಕಿನ ಹುಡುಗ ನಗಲಿಲ್ಲ, ಬರೆದುಕೊಂಡ. ಮಂದೆಯೇನೋ ಹೊಸದುರ್ಗದ ಕಡೆ ಹೊಲಗಳಲ್ಲಿ ಮೇಯುತ್ತಿತ್ತು. ರಾಗಿ ಹಿಟ್ಟು ಒಯ್ಯಲು ಹಟ್ಟಿಗೆ ಬಂದಿದ್ದ ಅಣ್ಣ ಜುಂಜಪ್ಪ ಅವನ ಕೈಗೆ ಸಿಕ್ಕಿದ್ದ. ರೊಪ್ಪದಲ್ಲಿ ನಡೆಯಲಾರದ ಎಳೆ ಮರಿಗಳಷ್ಟೇ ಇದ್ದವು. ಹಾಳಾದ್ದು, ಅವೂ ನಾಲ್ಕೇ ಇರಬೇಕೆ!

"ಅದು ಹಂಗಲ್ಲ ಮೇಡಂ," ಎಂದಳು ಮುದ್ದಕ್ಕ. "ನಮ್ಮಲ್ಲಿ ಹೆಣ್ಣುಮಗಳಿಗೆ ಮದುವೆಯಾಗೆ ಒಂದು ಹೆಣ್ಣು ಮರಿ ಬಿಡ್ತಾರೆ. ಅದು ತವರಿನ ಮಂದೆಯಾಗೇ ಇರತೈತೆ. ಅದು ಈದದ್ದೆಲ್ಲ ಆ ಹೆಣ್ಣುಮಗಳದ್ದೇ. ಇಪ್ಪತ್ತು ವರ್ಷದಿಂದ ನಮ್ಮಣ್ಣ ನನ್ನವನ್ನ ಸಾಕ್ಯಾನೆ. ಮನೆಗೆ ಅಂತ ಮಾರಿಸಿದೆ. ಅವನ ದುಡ್ಡಲ್ಲ ಅದು, ನಂದು."

"ನಾನು ನಂಬುತ್ತೇನೆ ಅಂತಿಟ್ಟುಕೊಳ್ಳಿ. ಚಿತ್ರದುರ್ಗದ ಕಛೇರಿಯವರು ನಂಬಬೇಕಲ್ಲ?" ಮಹಾದೇವಮ್ಮ ಒರಟು ಹೆಂಗಸಲ್ಲ. ನೋಟು ರದ್ದಾದ ಮೇಲೆ ನಗದು ಕಂಡರೆ ಮೇಲಿನವರು ಹಾವು ಕಂಡವರ ಹಾಗೆ ಬೆಚ್ಚುತ್ತಿದ್ದರು, ಅದು ಇವರ ತಲೆಯ ಮೇಲೂ ಕೂತಿತ್ತು. "ಕೊಂಡ ವ್ಯಾಪಾರಿಯಿಂದ ಪತ್ರ ತನ್ನಿ. ನಿಮ್ಮಣ್ಣ ಇಲ್ಲಿಗೇ ಬಂದು ನನ್ನೆದುರು ಹೇಳಲಿ. ನಿಮ್ಮವು ಎಷ್ಟಿದ್ದವು, ಎಷ್ಟು ಮಾರಿದಿರಿ, ಎಷ್ಟು ಉಳಿದಿವೆ, ಮೂರನ್ನೂ ಹೇಳಿ ಸಹಿ ಹಾಕಲಿ. ಅವನೇ ಉಡುಗೊರೆ ಕೊಟ್ಟ ಅಂತ ಬರೆಸಿ ತರಬೇಡಿ, ಆಗ ಅವನಿಗೆಲ್ಲಿಂದ ಬಂತು ಅಂತ ಕೇಳುತ್ತಾರೆ. ಈ ಶನಿವಾರದೊಳಗೆ ಆಗಬೇಕು. ಆಗದಿದ್ದರೆ ಅರ್ಜಿ ವಾಪಸ್ಸು."

ವಾಪಸ್ಸು ಎಂದು ಹೇಳುವುದು ಸುಲಭ. ಅಜ್ಜಪ್ಪ ಮೇಷ್ಟ್ರ ಎರಡು ಕೋಣೆಯ ಮನೆಗೆ ಮುದ್ದಕ್ಕ ಒಂದು ಲಕ್ಷ ಮುಂಗಡ ಕೊಟ್ಟಿದ್ದಳು. ಕಿವಿಯ ಓಲೆಯಿಂದ ಹಿಡಿದು ಚೀಟಿ ದುಡ್ಡಿನವರೆಗೆ ಎಲ್ಲವೂ ಅದರಲ್ಲಿತ್ತು. ಈ ತಿಂಗಳು ಮುಗಿಯುವುದರೊಳಗೆ ರಿಜಿಸ್ಟ್ರಿ ಆಗದಿದ್ದರೆ ಮುಂಗಡ ಹೋದ ಹಾಗೆಯೇ ಎಂದು ಕರಾರಿನಲ್ಲಿ ಬರೆದಿತ್ತು. ಸಿಮೆಂಟು ಅಂಗಡಿಯವನೊಬ್ಬ ಪೂರ್ತಿ ದುಡ್ಡು ಹಿಡಿದು ಮೇಷ್ಟ್ರ ಬಾಗಿಲಲ್ಲಿ ಎರಡು ಸಲ ಕಾಫಿ ಕುಡಿದು ಹೋಗಿದ್ದ. ಮೇಷ್ಟ್ರು ಒಳ್ಳೆಯವರೇ, ಆದರೆ ಒಳ್ಳೆಯತನಕ್ಕೂ ಒಂದು ಗಡುವು ಇರುತ್ತದೆ.

ಮುದ್ದಕ್ಕನಿಗೆ ಮನೆ ಬೇಕಾದದ್ದು ಮೆರೆಯುವುದಕ್ಕಲ್ಲ. ಈಗಿರುವ ಬಾಡಿಗೆ ಮನೆಯ ಒಡತಿ, ಹೋದ ಮಳೆಗಾಲದಲ್ಲಿ ಜುಂಜಪ್ಪ ಬಂದು ಜಗಲಿಯ ಮೇಲೆ ಕಂಬಳಿ ಹಾಸಿ ಮಲಗಿ ಹೋದ ಮೇಲೆ, ಜಗಲಿಗೆ ಫಿನಾಯಿಲ್ ಸುರಿದು ಉಜ್ಜಿಸಿದ್ದಳು. ಕುರಿ ವಾಸನೆ, ಇನ್ನು ಮೇಲೆ ಅವರನ್ನು ಬೇರೆಲ್ಲಾದರೂ ಮಲಗಿಸಿ ಎಂದಿದ್ದಳು. ಮುದ್ದಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು, ಕಣ್ಣೊರೆಸಿಕೊಂಡು ಮನೆ ಹುಡುಕಲು ಶುರು ಮಾಡಿದ್ದಳು.

ಮಧ್ಯಾಹ್ನ ಮನೆಗೆ ಬಂದಾಗ ಗಂಡ ಚಿಕ್ಕತಿಮ್ಮಪ್ಪ ಊಟಕ್ಕೆ ಕೂತಿದ್ದ. ನಗರಸಭೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ ಅವನದು. ಇಡೀ ಊರಿನ ಬೈಗುಳ ತಿಂದು ಬಂದು ಮನೆಯಲ್ಲಿ ಸಿಡುಕುವ ಹಕ್ಕು ತನಗಿದೆ ಎಂದು ತಿಳಿದವನು. ವಿಷಯ ಕೇಳಿ ಮುದ್ದೆಯ ತುತ್ತನ್ನು ತಟ್ಟೆಗೆ ಬಿಟ್ಟ.

"ಬಾಯಿ ಬಿಟ್ಟು ಒಂದು ಲೆಕ್ಕ ಹೇಳಿದ್ರೆ ನಿಮ್ಮಣ್ಣನ ಗಂಟೇನು ಹೋಗ್ತಿತ್ತು? ನಾಕು ಮರಿಯಂತೆ! ಲಕ್ಷ ರೂಪಾಯಿ ನೀರಿಗೆ ಬಿತ್ತು ಈಗ."

"ನಮ್ಮಪ್ಪಂಗೆ ಆಗಿದ್ದು ನಿಂಗೆ ಗೊತ್ತಿಲ್ವಾ?" ಎಂದಳು ಮುದ್ದಕ್ಕ.

ಗೊತ್ತಿಲ್ಲದೆ ಏನು. ಅವರಪ್ಪ ಹುರುಪಿನ ಮನುಷ್ಯ. ಸರ್ಕಾರದ ಯಾವುದೋ ಯೋಜನೆಯ ಸಾಹೇಬರು ಹಟ್ಟಿಗೆ ಬಂದಾಗ, ಹತ್ತು ಜನರೆದುರು ಮೀಸೆ ತಿರುವಿ ಮಂದೆಯ ಲೆಕ್ಕ ಹೇಳಿಬಿಟ್ಟಿದ್ದ. ಆ ಮಳೆಗಾಲಕ್ಕೇ ನೀಲಿ ನಾಲಿಗೆ ರೋಗ ಬಿದ್ದು ಮಂದೆಯ ಅರ್ಧಕ್ಕರ್ಧ ಹೋಯಿತು. ನೊಣದಿಂದ ಬಂದ ರೋಗ ಎಂದರು ಡಾಕ್ಟರು. ಜುಂಜಪ್ಪ ಅದನ್ನೂ ನಂಬಿದ, ಅಂದಿನಿಂದ ವರ್ಷ ತಪ್ಪದೆ ಲಸಿಕೆ ಹಾಕಿಸುತ್ತಾನೆ. ಆದರೆ ಅಪ್ಪ ಹಾಸಿಗೆ ಹಿಡಿದವನು, ನಾನೇ ಬಾಯಾರೆ ಕೊಂದೆ ಎಂದು ಹಲುಬುತ್ತಲೇ ಸತ್ತದ್ದನ್ನು ತಲೆದೆಸೆಯಲ್ಲಿ ಕೂತು ಕೇಳಿದವನೂ ಅವನೇ. ಅವನಿಂದ ಲೆಕ್ಕ ಹೇಳಿಸುವುದು ಅಂದರೆ ಬಂಡೆಯನ್ನು ಮಾತಾಡಿಸಿದ ಹಾಗೆ.

"ಹಂಗಾದ್ರೆ ಮನೆ ಬಿಡು," ಎಂದ ಚಿಕ್ಕತಿಮ್ಮಪ್ಪ. "ಜಗಲಿಗೆ ಫಿನಾಯಿಲ್ ಹಾಕಿಸ್ಕಂಡು ಇಲ್ಲೇ ಬಿದ್ದಿರಾಣ."

ಮುದ್ದಕ್ಕ ಮಾರನೆಯ ದಿನ ಹಾಸ್ಟೆಲಿಗೆ ರಜೆ ಹೇಳಿ, ಮೊದಲ ಬಸ್ಸಿಗೇ ಹೊಸದುರ್ಗಕ್ಕೆ ಹೊರಟಳು. ಅಲ್ಲಿಂದ ಶ್ರೀರಾಂಪುರದ ಬಸ್ಸು. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಹೊಂದಿಸಿಕೊಂಡಳು, ಕಂಡಕ್ಟರು ಟಿಕೆಟ್ ಕೇಳಿದಾಗ ಅವೆಲ್ಲ ಮರೆತುಹೋದವು.

ಶ್ರೀರಾಂಪುರದಾಚೆ ತೆಂಗಿನ ತೋಟದ ಪಕ್ಕ, ಕೊಯ್ಲು ಮುಗಿದ ಹೊಲದಲ್ಲಿ ಮಂದೆ ಇತ್ತು. ಗೊಬ್ಬರಕ್ಕೆಂದು ಹೊಲದ ರೈತ ಕರೆದು ನಿಲ್ಲಿಸಿಕೊಂಡಿದ್ದ. ಬದುವಿನ ಮೇಲೆ ಕೋಲೂರಿ ನಿಂತಿದ್ದ ಜುಂಜಪ್ಪ ತಂಗಿಯನ್ನು ದೂರದಿಂದಲೇ ಗುರುತು ಹಿಡಿದು ಎದುರು ಬಂದ. ಐವತ್ತು ದಾಟಿದ ಮನುಷ್ಯ, ಬಿಸಿಲಿಗೆ ಬೆಂದು ಇನ್ನೂ ಹಿರಿಯನಾಗಿ ಕಾಣುತ್ತಿದ್ದ.

"ಇದೇನವ್ವ, ಹೇಳ್ದೆ ಕೇಳ್ದೆ ಬಂದಿ? ಎಲ್ಲ ಚೆಂದಾಗವ್ರಾ? ಬಾ, ನೆಳ್ಳಿಗೆ ಕುಂತ್ಕ. ರೊಟ್ಟಿ ಐತೆ, ತಿನ್ನು."

ಅವಳು ತಿನ್ನಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಜುಂಜಪ್ಪ ಕೇಳುತ್ತ ಕೇಳುತ್ತ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ.

"ಅಯ್ಯೋ ಶಿವನೇ, ಆ ಹುಡುಗ ಅದನ್ನ ಬರ್ಕಂಡ್ನಾ? ಯಾರಾದ್ರೂ ಕೇಳಿದ್ರೆ ಹಂಗಂತೀವಲ್ಲವ್ವ. ಅದೊಂದು ಮಾತು ಅಂತ ಅವನಿಗೆ ತಿಳೀಬಾರ್ದಾ?"

"ಅವರಿಗೆ ಹೆಂಗೆ ತಿಳೀಬೇಕು ಅಣ್ಣಯ್ಯ? ನೀನು ಬ್ಯಾಂಕಿಗೆ ಬಂದು ಲೆಕ್ಕ ಹೇಳಿ ಸೈ ಹಾಕಬೇಕು. ಇಲ್ದಿದ್ರೆ ಮನೆ ಹೋತು, ಕೊಟ್ಟಿದ್ದ ದುಡ್ಡೂ ಹೋತು."

ಜುಂಜಪ್ಪ ಮಂದೆಯ ಕಡೆ ನೋಡಿದ. ಬಿಸಿಲೇರಿ ಕುರಿಗಳು ಒಂದರ ಹೊಟ್ಟೆಯ ನೆಳಲಿಗೆ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟಿದ್ದವು. ಬೇಡ ಎನ್ನುತ್ತಾನೋ ಏನೋ ಎಂದು ಮುದ್ದಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. ಬೇಡ ಎಂದರೆ ಅವನನ್ನು ಬೈಯುವುದಕ್ಕೂ ಅವಳಿಗೆ ಬಾಯಿಲ್ಲ.

"ಹೋದವನ್ನ ಎಣಿಸಬೋದು," ಎಂದ ಕೊನೆಗೆ. "ಕೊಂಡ ಸಣ್ಣಪ್ಪನ ಗಾಡಿ ಹತ್ತಿದವು ಈಗ ನಮ್ಮ ಮಂದೆಯವಲ್ಲ. ಅವಕ್ಕೆ ಯಾರ ಕಣ್ಣು ಬಿದ್ರೇನು. ಅವನೂ ಎಣಿಸ್ಕಂಡವ್ನೆ, ಅವನ ಬಾಯಿಂದ ಕೇಳ್ಕಂಡು ನಾನೂ ಹೇಳ್ತೀನಿ."

"ಅಷ್ಟೇ ಸಾಕು ಅಣ್ಣಯ್ಯ!"

"ಸಾಕಾಗಲ್ಲವ್ವ. ಉಳಿದಿದ್ದು ಎಷ್ಟು ಅಂತಲೂ ಕೇಳ್ತಾರೆ ಅಂದ್ಯಲ್ಲ."

ಮುದ್ದಕ್ಕನಿಗೆ ಥಟ್ಟನೆ ನೆನಪಾಯಿತು. ಉಳಿದದ್ದು ಒಂದಿತ್ತು. ಅವಳ ಕುರಿಗಳನ್ನೆಲ್ಲ ಮಾರುವಾಗ ಜುಂಜಪ್ಪ ಒಂದು ಮುದಿ ಹೆಣ್ಣು ಕುರಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದ್ದ. ಅವಳ ಮದುವೆಯಲ್ಲಿ ಬಿಟ್ಟ ಮರಿಯ ಮಗಳ ಮಗಳು ಅದು. ಬೇರು ಇರಲಿ ಎಂದಿದ್ದ. ತವರಿನ ಮಂದೆಯಲ್ಲಿ ಹೆಣ್ಣುಮಗಳ ಬೇರಿನ ಕುರಿ ಇರುವ ತನಕ ಅವಳೂ ಆ ಮಂದೆಯವಳು. ಉಣ್ಣೆ ಕತ್ತರಿಸುವ ದಿನ ಕರೆ ಬರುತ್ತದೆ, ದೇವರ ಕೆಲಸಕ್ಕೆ ಅವಳ ಹೆಸರಿನಲ್ಲೂ ಒಂದು ಸೇರು ಅಕ್ಕಿ ಹಾಕುತ್ತಾರೆ.

"ಒಂದೈತೆ ಅಂತ ಹೇಳಿದ್ರಾತಪ್ಪ," ಎಂದಳು, ಸ್ವರ ಅವಳಿಗರಿವಿಲ್ಲದೆ ಸಣ್ಣಗಾಗಿತ್ತು.

"ಮಂದೆಯೊಳಗೆ ನಿಂತಿರೋದನ್ನ ಒಂದು ಅಂತ ಎಣಿಸಿದ ಮೇಲೆ, ಮಂದೆ ಎಣಿಸಿದಂಗೇ ಅಲ್ವೇನವ್ವ? ಅಪ್ಪನ್ನ ನೋಡಿದೀನಿ ನಾನು. ಮಗನ ಮದುವೆ ಐತೆ, ಈ ಮಂದೆ ಬಿಟ್ರೆ ನಂಗೇನೈತೆ?"

"ಏನೂ ಉಳಿದಿಲ್ಲ ಅಂದ್ಬಿಡು. ನಾಕು ಮರಿ ಅಂದಿಲ್ವಾ? ಹಂಗೇ."

ಜುಂಜಪ್ಪನಿಗೆ ಸಿಟ್ಟು ಬಂತು. ತಂಗಿಯ ಮೇಲೆ ಅವನು ಸಿಟ್ಟು ಮಾಡಿದ್ದು ತೀರಾ ಕಡಿಮೆ. "ಹಾದ್ಯಾಗೆ ಕೇಳಿದವಂಗೆ ಆಡೋ ಮಾತು ಬ್ಯಾರೆ, ಸೈ ಹಾಕೋದು ಬ್ಯಾರೆ. ಕುರಿ ಇಲ್ಲಿ ನಿಂತೈತೆ, ಇಲ್ಲ ಅಂತ ಸೈ ಹಾಕಿ ದೇವರ ಗುಡ್ಲ ಮುಂದೆ ಹೆಂಗೆ ನಿಲ್ಲಲಿ?"

"ನೀನೇ ಇಟ್ಕಂಬಿಡು ಅಣ್ಣಯ್ಯ. ಇವತ್ತಿಂದ ಅದು ನಿಂದು. ಆಗ ನಂದು ಅಂತ ಒಂದೂ ಇಲ್ಲ, ಸುಳ್ಳೂ ಆಗಲ್ಲ."

"ತಂಗಿ ಬೇರಿನ ಕುರೀನ ಅಣ್ಣ ನುಂಗ್ದ ಅಂತ ಹಟ್ಟಿ ಜನ ಆಡ್ಕಂಡು ನಗಲಿ ಅಂತೀಯಾ? ನಾನಲ್ಲ, ಹಟ್ಟಿಯಾಗೆ ಒಬ್ಬರೂ ಅದನ್ನ ತಮ್ಮ ರೊಪ್ಪಕ್ಕೆ ಸೇರಿಸಲ್ಲ. ನಿಂಗೆ ಗೊತ್ತಿಲ್ವಾ?"

ಅವಳಿಗೆ ಗೊತ್ತಿತ್ತು. ಮುಂದಿನ ಮಾತು ಏನೆಂಬುದೂ ಇಬ್ಬರಿಗೂ ಗೊತ್ತಿತ್ತು, ಯಾರು ಆಡಬೇಕು ಎಂಬುದೊಂದೇ ಉಳಿದದ್ದು. ಜುಂಜಪ್ಪ ಬಾಯಿ ಬಿಡುವವನಲ್ಲ. ಅಣ್ಣನಾದವನು ಅದನ್ನು ಹೇಳಬಾರದು. ಮುದ್ದಕ್ಕ ಬದುವಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಬಿಟ್ಟುಬಿಡಲೇ ಎಂದುಕೊಂಡಳು. ಮನೆ ಹೋದರೆ ಹೋಗಲಿ, ಬಾಡಿಗೆ ಮನೆಗಳಿಗೇನು ಬರವೇ? ಆದರೆ ಫಿನಾಯಿಲ್ಲಿನ ವಾಸನೆ ನೆನಪಾದ ಕೂಡಲೇ ಮೈಯೆಲ್ಲ ಉರಿಯಿತು. ಲಕ್ಷ ರೂಪಾಯಿ ಮುಳುಗಿ ಮನೆ ಸಿಮೆಂಟು ಅಂಗಡಿಯವನ ಪಾಲಾಗುವುದು ನೆನಪಾಗಿ ಇನ್ನಷ್ಟು ಉರಿಯಿತು.

"ಸಣ್ಣಪ್ಪನ್ನ ಕರೆಸು," ಎಂದಳು.

"ಮುದ್ದವ್ವ, ಯೋಚ್ನೆ ಮಾಡು."

"ಮಾಡಿದೀನಿ. ಕರೆಸು ಅಣ್ಣಯ್ಯ."

ವ್ಯಾಪಾರಿ ಸಣ್ಣಪ್ಪ ಶ್ರೀರಾಂಪುರದವನೇ. ಫೋನು ಹೋದ ಸ್ವಲ್ಪ ಹೊತ್ತಿಗೆ ಟೆಂಪೋ ತಂದು ರಸ್ತೆಯಲ್ಲಿ ನಿಲ್ಲಿಸಿದ. ಒಂದು ಮುದಿ ಕುರಿಗೆ ಗಾಡಿ ತರಿಸಿದರಲ್ಲ ಎಂದು ಗೊಣಗುತ್ತ ಬಂದವನು, ಅಣ್ಣತಂಗಿಯರ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಚೌಕಾಸಿ ಮಾಡಲಿಲ್ಲ. ಕುರಿ ವ್ಯಾಪಾರಿ ಚೌಕಾಸಿ ಮಾಡದೆ ದುಡ್ಡು ತೆಗೆದದ್ದನ್ನು ಆ ಸೀಮೆಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಬೇರಿನ ಕುರಿಯನ್ನು ಒಡತಿಯೇ ಹಿಡಿದುಕೊಡಬೇಕು. ಮುದ್ದಕ್ಕ ಮಂದೆಯೊಳಗೆ ಹೋದಳು. ಮದುವೆಗೆ ಮುಂಚೆ ಅವಳೂ ಕುರಿ ಕಾದವಳೇ, ಓಡುವ ಕುರಿಯ ಹಿಂಗಾಲು ಹಿಡಿದು ನಿಲ್ಲಿಸುತ್ತಿದ್ದವಳು. ಇವತ್ತು ಅದರ ಕೆಲಸವೇ ಬೀಳಲಿಲ್ಲ. ಕುರಿ ಅವಳನ್ನು ಕಂಡು ಓಡಲಿಲ್ಲ, ಎಲ್ಲಿಗೋ ಮೇಯಲು ಕರೆಯುತ್ತಿದ್ದಾಳೆ ಎಂದುಕೊಂಡು ತಾನೇ ಹಿಂದೆ ಬಂತು. ಅದು ಓಡಿದ್ದರೆ, ಒದ್ದಿದ್ದರೆ, ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಟೆಂಪೋದ ಹಿಂಬಾಗಿಲ ಹತ್ತಿರ ನಿಂತಾಗ ಅವಳ ಕೈ ಅದರ ಕುತ್ತಿಗೆ ಬಿಡಲೊಲ್ಲದು. ಸಣ್ಣಪ್ಪನೇ ಮೆಲ್ಲಗೆ ಬಿಡಿಸಿಕೊಂಡು ಹತ್ತಿಸಿದ. ಜುಂಜಪ್ಪ ಬದುವಿನ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ.

ಶುಕ್ರವಾರ ಸಣ್ಣಪ್ಪ ಅಂಗಡಿಯ ಹೆಸರಿದ್ದ ಹಾಳೆಯಲ್ಲಿ ಪತ್ರ ಬರೆದು ಮೊಹರು ಹಾಕಿ ಕೊಟ್ಟ. ಶನಿವಾರ ಬೆಳಿಗ್ಗೆ ಮುದ್ದಕ್ಕ ಬ್ಯಾಂಕಿನ ಮೆಟ್ಟಿಲ ಮೇಲೆ ಅಣ್ಣನಿಗಾಗಿ ಕಾಯುತ್ತ ನಿಂತಳು. ಹತ್ತೂವರೆಯ ಬಸ್ಸಿಗೆ ಬರುತ್ತೇನೆ ಎಂದಿದ್ದವನು ಬರಲಿಲ್ಲ. ಶನಿವಾರದ ಬ್ಯಾಂಕು, ಮಧ್ಯಾಹ್ನಕ್ಕೆ ಬಾಗಿಲು ಎಳೆದುಬಿಡುತ್ತಾರೋ ಏನೋ ಎಂದು ಚಿಕ್ಕತಿಮ್ಮಪ್ಪ ಹತ್ತು ಸಲ ಹೊರಗೆ ಬಂದು ನೋಡಿದ. "ಬರಲ್ಲ ಬಿಡು ಅವನು. ಹೆದರ್ಕಂಡವನೆ," ಎಂದ.

"ಬರ್ತಾನೆ," ಎಂದಳು ಮುದ್ದಕ್ಕ. ಅವಳಿಗೂ ಧೈರ್ಯವಿರಲಿಲ್ಲ. ಕುರಿಯೂ ಹೋಗಿ, ಅಣ್ಣನೂ ಬಾರದೆ, ಮನೆಯೂ ತಪ್ಪಿದರೆ ಎಂದು ಯೋಚಿಸಿ, ರಸ್ತೆಯ ತಿರುವಿನವರೆಗೆ ಹೋಗಿ ನೋಡಿ ಬಂದಳು.

ಜುಂಜಪ್ಪ ಬಂದ. ಹೊಸದುರ್ಗದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಯಾವುದೋ ಲಾರಿ ಹತ್ತಿ ಬಂದಿದ್ದ. ಒಗೆದ ಪಂಚೆ, ಹೆಗಲ ಮೇಲೆ ಕಂಬಳಿ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದವನನ್ನು ಮಹಾದೇವಮ್ಮ, "ಬನ್ನಿ, ಕೂತುಕೊಳ್ಳಿ," ಎಂದು ಕುರ್ಚಿ ತೋರಿಸಿದರು. ಅವನು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ನೀವು ನಾಲ್ಕು ಮರಿ ಇವೆ ಅಂತ ಹೇಳಿದ್ದಿರಂತೆ. ಈ ಪತ್ರದಲ್ಲಿ ನಲವತ್ತೆರಡು ಕುರಿ ಕೊಂಡೆ ಅಂತ ಇದೆ."

"ಅದು ಎಣಿಸಿ ಹೇಳಿದ್ದಲ್ಲ ತಾಯಿ. ನಮ್ಮೋರು ಯಾರು ಕೇಳಿದ್ರೂ ಹಂಗೇ ಅನ್ನೋದು. ಮಂದೆಗೆ ಕಣ್ಣಾಗ್ತೈತೆ ಅಂತ."

ಮಹಾದೇವಮ್ಮ ಪಕ್ಕದಲ್ಲಿ ನಿಂತಿದ್ದ ತನಿಖೆಯ ಹುಡುಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. "ಸರಿ, ಅದನ್ನು ಹಾಗೇ ಬರೆಯುತ್ತೇನೆ. ಈಗ ಎಣಿಸಿ ಹೇಳಿ. ನಿಮ್ಮ ಮಂದೆಯಲ್ಲಿ ಒಟ್ಟು ಎಷ್ಟು ಕುರಿ ಇವೆ?"

ಇದು ಒಪ್ಪಂದದ ಮಾತಲ್ಲ. ಜುಂಜಪ್ಪ ತಂಗಿಯ ಕಡೆ ತಿರುಗಿದ. ಮಡಿಲಿನ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಈ ಹೊತ್ತಿನಲ್ಲಿ ತಂಗಿಯ ಮನೆಗಾಗಿ ಅವನು ಆ ಲೆಕ್ಕವನ್ನೂ ಹೇಳಿಬಿಡುತ್ತಾನೆ ಎಂದು ಮುದ್ದಕ್ಕನಿಗೆ ಗೊತ್ತಾಗಿಹೋಯಿತು. ಅವನ ತುಟಿ ಆಗಲೇ ಅಲ್ಲಾಡುತ್ತಿತ್ತು.

"ಮೇಡಂ, ಅವನದ್ದು ಕೇಳಬ್ಯಾಡ್ರಿ!" ಅವಳ ದನಿ ಕೌಂಟರಿನವರೆಗೆ ಕೇಳಿಸಿತು. "ಸಾಲ ನಂದು. ನನ್ನವನ್ನ ಕೇಳ್ರಿ, ಎಷ್ಟು ಬೇಕಾದ್ರೂ ಕೇಳ್ರಿ. ಅವನ ಮಂದೆ ಲೆಕ್ಕ ಹಾಕದಿದ್ರೆ ಸಾಲ ಇಲ್ಲ ಅಂದ್ರೆ, ನಂಗೆ ಸಾಲವೇ ಬ್ಯಾಡ. ನಡಿ ಅಣ್ಣಯ್ಯ, ಹೋಗಾಣ."

ಚಿಕ್ಕತಿಮ್ಮಪ್ಪ ಹಿಂದಿನಿಂದ, "ಲೇ ಮುದ್ದಿ!" ಎಂದು ಅವಳ ತೋಳು ಹಿಡಿದ. ಅವಳು ಕೊಡವಿಕೊಂಡಳು. ಮಹಾದೇವಮ್ಮ ಪೆನ್ನು ಕೆಳಗಿಟ್ಟರು.

"ಕೂತುಕೊಳ್ಳಿ ಅಮ್ಮ," ಎಂದರು ಕೊನೆಗೆ. "ಅವರ ಮಂದೆ ನನಗೆ ಬೇಡ. ನಿಮ್ಮವು ಎಷ್ಟಿದ್ದವು?"

"ನಲವತ್ತೆರಡು."

"ಮಾರಿದ್ದು?"

"ನಲವತ್ತೆರಡೂ."

"ಅಣ್ಣನ ಮಂದೆಯಲ್ಲಿ ಈಗ ನಿಮ್ಮವು ಎಷ್ಟು ಉಳಿದಿವೆ?"

ಹೇಳಬೇಕಾದವನು ಜುಂಜಪ್ಪ. ಅವನು ನೆಲ ನೋಡುತ್ತಿದ್ದ. ಮುದ್ದಕ್ಕನೇ ಹೇಳಿದಳು. "ಒಂದೂ ಇಲ್ಲ ಮೇಡಂ."

ಮಹಾದೇವಮ್ಮ ಬರೆದರು. ಬರೆದದ್ದನ್ನು ಓದಿ ಹೇಳಿದರು. ಜುಂಜಪ್ಪ ಕೆಳಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ವ್ಯಾಪಾರಿಯ ಪತ್ರವನ್ನು ಜೊತೆಗೆ ಪಿನ್ನು ಹೊಡೆದು, "ಇವತ್ತೇ ದುರ್ಗಕ್ಕೆ ಕಳಿಸುತ್ತೇನೆ. ಇನ್ನು ತೊಂದರೆ ಇರಲಿಕ್ಕಿಲ್ಲ. ಮೇಷ್ಟ್ರಿಗೆ ರಿಜಿಸ್ಟ್ರಿಯ ದಿನ ಗೊತ್ತು ಮಾಡಲು ಹೇಳಿ," ಎಂದರು ಮಹಾದೇವಮ್ಮ. ಚಿಕ್ಕತಿಮ್ಮಪ್ಪನ ಮುಖ ಹೊಸ ಬಲ್ಬು ಹಾಕಿದ ಹಾಗೆ ಬೆಳಗಿತು. ಸಿಹಿ ತರುತ್ತೇನೆ ಎಂದು ಅವನು ಬೇಕರಿಯ ಕಡೆ ಓಡಿದ.

ಅಣ್ಣತಂಗಿ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಊಟ ಮಾಡಿಕೊಂಡು ಹೋಗು ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ, ಮಂದೆಯನ್ನು ಬೇರೆಯವರ ಕೈಗೆ ಬಿಟ್ಟು ಬಂದಿದ್ದೇನೆ ಎಂದ. ಹೊಸದುರ್ಗದ ಬಸ್ಸು ಬಂತು. ಜುಂಜಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದ.

"ಮನಿ ಒಳಗೆ ಹೋಗೋ ದಿನ ಹೇಳಿ ಕಳ್ಸವ್ವ," ಎಂದ. "ಬರ್ತೀನಿ."

ಮುದ್ದಕ್ಕನಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ಹೇಳಿ ಕಳಿಸಿದ್ದಕ್ಕೆ ಬಂದವನಲ್ಲ. ನಿನ್ನ ಕುರಿ ಈದೈತೆ ಎಂದು ಬರುತ್ತಿದ್ದ, ನಿನ್ನದೊಂದು ಕುಂಟ್ತೈತೆ ಎಂದು ಬರುತ್ತಿದ್ದ, ಏನೂ ಇಲ್ಲದಿದ್ದರೆ ನಿನ್ನವು ಚೆಂದಾಗವೆ ಎಂದು ಹೇಳಲಿಕ್ಕೆ ಬರುತ್ತಿದ್ದ. ಇನ್ನು ಅವನು ಏನು ಹೇಳಲು ಬರಬೇಕು? ಕರೆದರೆ ಬರುವ ನೆಂಟನಾಗಿ, ಕೂತುಕೋ ಎಂದ ಮೇಲೆ ಕೂತು, ಊಟ ಮಾಡಿ ಹೋಗುತ್ತಾನೆ. ಅವನಿಗಾಗಿಯೇ ಕೊಂಡ ಮನೆಗೆ.

"ಹೇಳಿ ಕಳಿಸ್ತೀನಿ ಅಣ್ಣಯ್ಯ," ಎಂದಳು. ಅವನು ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತ, ಬಸ್ಸು ಹೊರಟಿತು.